ಬಂಡೆಯೂ ಬ್ಯಾಂಕೂ

ಊರ ಹೆಸರು ರಾಕ್‌ಬ್ಯಾಂಕ್.
ಬಂಡೆಯೂ ಇದೆ, ಬ್ಯಾಂಕೂ ಇದೆ,
ಹೆಸರಲ್ಲೇ ಎಚ್ಚರಿಕೆ ಬರೆದಿಟ್ಟಿದ್ದರು.
ನಾವು ಓದಿದ್ದು ಸೈಟಿನ ದರ ಮಾತ್ರ.

ಮೆಲ್ಬರ್ನಿನ ಪಶ್ಚಿಮಕ್ಕೆ, ರೈಲು ಹಳಿ ದಾಟಿ,
ಬೇಲಿಗಿಂತ ಮೊದಲೇ ಗಾಳಿ ಬಂದು ನಿಂತ ಬಯಲು.
ಮುನ್ನೂರ ಐವತ್ತು ಚದರ ಮೀಟರು, ನಾಲ್ಕು ಗೂಟ,
ಗೂಟಕ್ಕೊಂದು ಗುಲಾಬಿ ರಿಬ್ಬನ್ನು.

ಮಾದರಿ ಮನೆಯಲ್ಲಿ ಡ್ಯಾರನ್
ಕಾಫಿ ಕೊಟ್ಟ, ಕ್ಯಾಟಲಾಗು ಕೊಟ್ಟ,
ಮೂರು ಲಕ್ಷ ಹತ್ತೊಂಬತ್ತು ಸಾವಿರದಿಂದ ಎಂದ.
ಆ 'ಇಂದ'ದ ಮೇಲೆ ಬೆರಳಿಟ್ಟೆ.
ಈ ಕಲ್ಲಿನ ಅಡುಗೆಕಟ್ಟೆ?
ಅದು ಬೇರೆ.
ಈ ಎತ್ತರದ ಸೂರು?
ಬೇರೆ.
ಪರದೆ, ಬೇಲಿ, ಕಾರು ನಿಲ್ಲುವ ಕಾಂಕ್ರೀಟು?
ಅವನು ನಕ್ಕ. ನಗು ದರದಲ್ಲಿ ಸೇರಿತ್ತು.
ವಿಭಕ್ತಿ ಪ್ರತ್ಯಯ ಇಷ್ಟು ದುಬಾರಿಯೆಂದು
ಶಾಲೆಯಲ್ಲಿ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ನನ್ನದು.
ಡಾಲರಿನ ಲೆಕ್ಕ ತಲೆಗೆ ಹತ್ತುವುದಿಲ್ಲ,
ರಾತ್ರಿಗಳಲ್ಲಿ ಎಣಿಸುತ್ತೇನೆ.
ಅಡುಗೆಮನೆಯ ಒಳ್ಳೆಯ ನಲ್ಲಿ, ಎರಡು ರಾತ್ರಿ.
ಗೋಡೆಗೆ ಇನ್ನೊಂದು ಪ್ಲಗ್ಗು, ಅರ್ಧ ರಾತ್ರಿ:
ಮಿಸೆಸ್ ಹಾಲರನ್ ಎರಡು ಸಲ ಎದ್ದು ಕೂತು
ಗಂಡ ಬಂದನಾ ಎಂದು ಕೇಳುವಷ್ಟು ಹೊತ್ತು.

ಮಣ್ಣು ನೋಡುವವನು ಬಂದು ಎರಡು ತೂತು ಕೊರೆದ,
ಹನ್ನೊಂದು ಪುಟ ಬರೆದ.
ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ
ಈ ಜೇಡಿಮಣ್ಣು.
ಥೇಟ್ ನಮ್ಮ ಖಾತೆ, ಎಂದ ಪಂಪಾಪತಿ,
ಉಬ್ಬುವುದೊಂದು ಬಿಟ್ಟು.
ತಳಪಾಯಕ್ಕೆ ಇನ್ನಷ್ಟು ಕಬ್ಬಿಣ ಬೇಕಂತೆ.
ಇಪ್ಪತ್ತಾರು ರಾತ್ರಿ, ನೆಲದೊಳಗೆ,
ಬಂದ ನೆಂಟರಿಗೆ ತೋರಿಸಲೂ ಬಾರದ ಕಡೆ.

ಕರಾರಿನ ಹದಿನಾಲ್ಕನೇ ಪುಟ, ಸಣ್ಣ ಅಕ್ಷರ:
ಬಂಡೆ ಸಿಕ್ಕರೆ, ತಾತ್ಕಾಲಿಕ ಮೊತ್ತ.
ಹೊಸಪೇಟೆಯವನು ನನ್ನ ಗಂಡ,
ಕಿಟಕಿ ತೆರೆದರೆ ಬಂಡೆ ಮುಖ ತೂರಿಸುವ ಓಣಿಯವನು.
ಬಂಡೆಗೂ ರೊಕ್ಕವಾ? ಎಂದು
ಆ ಸಾಲನ್ನು ಮೂರು ಸಲ ಓದಿಸಿಕೊಂಡ.

ಸಿಕ್ಕಿತು. ಸಿಗದೆ ಇರುತ್ತದೆಯೇ?
ಮಂಗಳವಾರ ಬೆಳಿಗ್ಗೆ ಸಿಯೋನೆಯ ಯಂತ್ರ
ಒಂದು ಮೊಳ ಇಳಿದು ಕಿರ್ರೆಂದು ನಿಂತಿತು.
ಕೆಸರಲ್ಲಿ ಮಲಗಿದ ಎಮ್ಮೆಯ ಹಾಗೆ
ಕಪ್ಪು ಬೆನ್ನು, ಪಕ್ಕದಲ್ಲಿ ಇನ್ನೊಂದು ಬೆನ್ನು.
ಒಡೆಯಲು, ಎತ್ತಲು, ಸಾಗಿಸಲು
ಹನ್ನೊಂದು ಸಾವಿರದ ನಾನೂರು.
ನಲವತ್ತೆರಡು ರಾತ್ರಿ.

ಅವತ್ತು ಪಟ್ಟಿ ಹರಡಿಕೊಂಡು ಕೂತೆವು.
ಹಿತ್ತಲ ಚಾವಣಿ ಹೋಯಿತು.
ಕಲ್ಲಿನ ಕಟ್ಟೆ ಹೋಗಿ ಲ್ಯಾಮಿನೇಟು ಬಂತು.
ಒಳ್ಳೆಯ ನಲ್ಲಿ ಸಾಧಾರಣ ನಲ್ಲಿಯಾಯಿತು.
ಸಿಂಧೂರಿ ಕೇಳಿದ್ದಳು ಒಂದೇ ಒಂದು,
ಕಿಟಕಿಗೆ ಅಂಟಿದ ಕೂರುವ ಜಗಲಿ, ಓದಲಿಕ್ಕೆ.
ಪೆನ್ನು ಅದನ್ನು ದಾಟಿ ಮುಂದೆ ಹೋಯಿತು,
ಪುಟ ಮುಗಿದ ಮೇಲೆ ವಾಪಸು ಬಂತು.
ಅವಳು ನಿದ್ದೆ ಮಾಡುತ್ತಿದ್ದಳು, ಅದೇ ಅನುಕೂಲ.
ಮನೆ ಕಟ್ಟಿ ನೋಡು ಎಂದ ಹಿರಿಯರು
ನೋಡುವುದೆಂದರೆ ಹೀಗೆ
ಒಂದೊಂದೇ ಸಾಲಿನ ಮೇಲೆ ಗೆರೆ ಎಳೆಯುವುದೆಂದು
ಬಿಡಿಸಿ ಹೇಳಲಿಲ್ಲ.

ಬೆಳಿಗ್ಗೆ ಪಾಳಿ ಮುಗಿಸಿ ನೇರ ಸೈಟಿಗೆ ಹೋದೆ.
ಎಲ್ಲವನ್ನೂ ಸಾಗಿಸಲೇಬೇಕಾ?
ಒಂದನ್ನು ಬಿಟ್ಟುಹೋದರೆ?
ಸಿಯೋನೆ ಟೋಪಿ ತೆಗೆದು ತಲೆ ಕೆರೆದುಕೊಂಡ,
ಯಾರಿಗೋ ಫೋನು ಮಾಡಿದ.
ನೂರ ಎಂಬತ್ತು ಕಡಿಮೆ.
ಬಿಡು ಎಂದೆ. ಆ ಚಪ್ಪಟೆಯದು, ರಸ್ತೆಯ ಕಡೆಗೆ.

ಗೋಡೆ ಏಳುವಷ್ಟೂ ದಿನ
ಪ್ರತಿ ಭಾನುವಾರ ಅವಳು ಅದರ ಮೇಲೆ,
ಕಾಲು ಇಳಿಬಿಟ್ಟು, ಪುಸ್ತಕ ತೊಡೆಯ ಮೇಲೆ.
ಪಕ್ಕದಲ್ಲಿ ನಾನು, ಡಬ್ಬಿಯ ಚಿತ್ರಾನ್ನ, ನನ್ನ ಪಟ್ಟಿ.

ನಿನ್ನೆ ಕಾಂಕ್ರೀಟಿನವನು ಬಂದ.
ನಕ್ಷೆ ನೋಡಿದ, ಬಂಡೆ ನೋಡಿದ,
ಸರಿಯಾಗಿ ಕಾರಿನ ದಾರಿಯಲ್ಲೇ ಕೂತಿದೆಯಲ್ಲ ಎಂದ.
ಇದನ್ನು ಸರಿಸಲು ಆರುನೂರು.
ಸಿಂಧೂರಿ ತಲೆ ಎತ್ತಲಿಲ್ಲ, ಹಾಳೆ ತಿರುವಿದಳು.
ಕಿವಿಯ ಹಿಂದಿನ ಪೆನ್ಸಿಲು ತೆಗೆದೆ,
'ಅನಿರೀಕ್ಷಿತ' ಎಂಬ ಪುಟ ತೆರೆದು ಕೇಳಿದೆ,

ದಾರಿಯನ್ನೇ ಒಂಚೂರು ಬಾಗಿಸಿದರೆ
ಎಷ್ಟಾಗುತ್ತದೆ?