ಹನ್ನೊಂದು ದಿನದ ಗೋಡೆ

ಐಸಿನ ಮೇಲೆ ಮಲಗಿ ಬಂತು
ಅಸ್ಸಲ್ತ್ ಊರಿನ ಆಸ್ಪತ್ರೆಯಿಂದ
ಬೆರಳುದ್ದದ ರಬ್ಬರ್ ನಳಿಗೆ.
ಚೀಟಿಯಲ್ಲಿ ಹೆಸರಿಲ್ಲ, ನಂಬರು ಮಾತ್ರ.
ಆದರೆ ನಮ್ಮ ಕೇರಿಯ ಮೆಟ್ಟಿಲ ಮೇಲೆ ಕೂತು
ಶೆಹಾದೆ ಮೇಸ್ತ್ರಿ ನಿನ್ನೆಯೇ ಸಾರಿದ್ದ,
ಮೇಲಿನ ಮನೆಯ ಕಿಟಕಿಗಳಿಗೂ ಕೇಳುವಂತೆ:
"ನನ್ನ ಉಚ್ಚೆಕೊಳವೆ ಅಲ್ಲಾನ್ ಗುಡ್ಡ ಹತ್ತುತ್ತಿದೆ!
ನಾನು ಮಾತ್ರ ಇಲ್ಲೇ."

ಆ ಗುಡ್ಡದಲ್ಲಿ ನನ್ನ ರಾತ್ರಿಪಾಳಿ.
ಉಂಗುರದೊಳಗೆ ಕಾಣದ್ದೇನೋ ಓಡುತ್ತಲೇ ಇರುತ್ತದೆ,
ತಿರುವು ತಿರುವಿನಲ್ಲೂ ಬೆಳಕು ಚೆಲ್ಲುತ್ತದೆ,
ಗಾಣದ ಎತ್ತು ಬೆವರು ಚೆಲ್ಲಿದಂತೆ.
ಆ ಬೆವರನ್ನು ಹಿಡಿಯುವವಳು ನಾನು.

ಸೀಸದ ಬಾಗಿಲು ಮುಚ್ಚುವ ಮುನ್ನ
ಒಳಗೆ ಯಾರಾದರೂ ಇದ್ದೀರಾ ಎಂದು ಕೂಗಬೇಕು, ನಿಯಮ.
ಕೂಗಿದೆ. ಯಾರೂ ಓಗೊಡಲಿಲ್ಲ.
ಕೋಟಿ ಜನ ಇದ್ದರು,
ನಳಿಗೆಯೊಳಗೆ, ಅಂಟಿಕೊಂಡು.

ನಳಿಗೆ ಮೆಲ್ಲಗೆ ಅರ್ಧ ಸುತ್ತು ತಿರುಗಿತು,
ಬಿಸಿಲಿಗೆ ಬೆನ್ನು ಕಾಯಿಸುವ ಮುದುಕನಂತೆ.
ಸಾವಿರದೆಂಟುನೂರು ಚಿತ್ರ.
ಸೈಪ್ರಸ್ಸಿನ ಆಂದ್ರುಲ್ಲಾ ಪಕ್ಕದಲ್ಲಿ
ಏನೂ ತಿನ್ನಬಾರದ ಕಡೆ ಸೂರ್ಯಕಾಂತಿ ಬೀಜ ಕಚ್ಚುತ್ತ
ಲೆಕ್ಕ ಇಡುತ್ತಿದ್ದಳು.
ಬೆಳಗಿನ ಮೂರೂಕಾಲಿಗೆ ಪರದೆಯ ಮೇಲೆ
ಊರು ಎದ್ದಿತು.

ಹೌದು, ಊರು.
ಸುಣ್ಣದ ಹಲಗೆ, ರಂಜಕದ ಹರಳು,
ಒಂದರ ಮೇಲೊಂದು, ಹನ್ನೊಂದು ದಿನದ ಕಟ್ಟಡ,
ನಡುವೆ ಸೂಜಿ ತೂರದಷ್ಟು ದಾರಿ.
ಮನೆ ಕಾಣುತ್ತದೆ ಈ ಬೆಳಕಿಗೆ,
ಮನೆಯವರು ಕಾಣರು.
ಮೆತ್ತನೆಯ ಜೀವ, ನೀರಿನಂಥದು;
ಕ್ಷಕಿರಣ ಅದರ ಮೈಯೊಳಗೆ ಹಾದು ಹೋಗುತ್ತದೆ
ಬಾಗಿಲಿಲ್ಲದ ಮನೆ ಹೊಕ್ಕು ಹೊರಟ ಹಾಗೆ.
ಹೋಗುವಷ್ಟರಲ್ಲಿ ಕೊಂದೂ ಇರುತ್ತದೆ.
ನೋಡುವುದೆಂದರೆ ಅಲ್ಲಿ ಹಾಗೆಯೇ.

ಮಂಗಳವಾರ ನಮ್ಮ ಕೇರಿಗೆ ನೀರು ಬಿಡುವ ದಿನ.
ತಾರಸಿಯ ಟ್ಯಾಂಕು ತುಂಬುವ ಸದ್ದಿನಡಿ
ಡಾಕ್ಟರನ್ನು ಕೇಳಿ ಮಡಚಿ ತಂದ ಚಿತ್ರವನ್ನು
ಆತನ ಮಂಡಿಯ ಮೇಲೆ ಹರಡಿದೆ.
ಐವತ್ತು ವರ್ಷ ಹಳದಿ ಕಲ್ಲು ಕಡೆದ ಬೆರಳು.
ಈ ಊರಿನ ಎಷ್ಟೋ ಕಮಾನು ಬಿದ್ದಾಗ ಎತ್ತಿ ನಿಲ್ಲಿಸಿದ್ದು.
ಕನ್ನಡಕ ಏರಿಸಿದ. ಇಳಿಸಿದ.
"ಯಾವ ಕಳ್ಳ ಕಟ್ಟಿದ್ದು ಇದನ್ನ?
ತೂಗುಗುಂಡು ಬಿಟ್ಟಿಲ್ಲ, ದಾರ ಹಿಡಿದಿಲ್ಲ,
ಆದರೂ ನಿಂತಿದೆಯಲ್ಲ!"
ಬ್ಯಾಕ್ಟೀರಿಯಾ, ಕಣ್ಣಿಗೆ ಕಾಣದವು, ಎಂದೆ.
"ಗಾರೆ?"
ಅವುಗಳ ಜೊಲ್ಲೇ.
"ಕಲ್ಲು ಎಲ್ಲಿಂದ ತಂದವು?"
ನಿಮ್ಮಿಂದಲೇ, ಮೇಸ್ತ್ರಿ.
ಸ್ವಲ್ಪ ಹೊತ್ತು ಟ್ಯಾಂಕಿನದೇ ಮಾತು.
ಆಮೇಲೆ ಹೊಟ್ಟೆ ಮುಟ್ಟಿಕೊಂಡ:
"ಬಾಡಿಗೆ ಕೊಡದೆ ನನ್ನ ಕಲ್ಲುಗಣಿ."

ಉಗುರಿನಿಂದ ಒಂದು ಮೂಲೆ ಗೀರಿ
"ಇಲ್ಲಿ ಅವಸರ ಮಾಡಿದ್ದಾವೆ. ಬಿರುಕು.
ಇಲ್ಲಿ ಬಡಿಯಿರಿ, ಇಡೀ ಗೋಡೆ ಬೀಳುತ್ತೆ" ಎಂದ.

ಮಾರನೆಯ ರಾತ್ರಿ ಆ ಮೂಲೆಯನ್ನೇ ಹಿಗ್ಗಿಸಿದೆ.
ಬಿರುಕಲ್ಲ ಅದು.
ಕಾಲುವೆ. ಕಟ್ಟುವಾಗಲೇ ಬಿಟ್ಟುಕೊಂಡ ಸಂದು,
ಒಳಮನೆಗಳಿಗೆಲ್ಲ ನೀರು ಒಯ್ಯಲು.

ಹೋಗಿ ಹೇಳಿದೆ. ಆತ ನಗಲಿಲ್ಲ.
"ನಮಗೆ ವಾರಕ್ಕೊಂದು ಸಲ" ಎಂದ,
ತಾರಸಿಯತ್ತ ಗಲ್ಲ ಎತ್ತಿ.

ಹೊಸ ನಳಿಗೆ ಹಾಕಿ ಇಂದಿಗೆ ನಾಲ್ಕು ದಿನ.
ಕಾಲಿಗೆ ಕಟ್ಟಿದ ಚೀಲದ ಮೇಲೆ ನಿಲುವಂಗಿ ಎಳೆದುಕೊಂಡು
ಅದೇ ಮೆಟ್ಟಿಲಲ್ಲಿ ಕೂತಿದ್ದಾನೆ.
ಬಸ್ಸಿಗೆ ಓಡುತ್ತಿದ್ದವಳನ್ನು ಕರೆದ:
"ಘುಸೂನ್, ಗೋಡೆ ಎದ್ದಮೇಲೆ ನೋಡಿ ಏನು ಬಂತು?
ಮೊದಲ ಕಲ್ಲು ಇಡುವಾಗ ನೋಡು.
ಆಗ ಎಂಥ ಮೇಸ್ತ್ರಿಯ ಕೈಯೂ ನಡುಗುತ್ತೆ."

ಬಸ್ಸಿನಲ್ಲಿ ಡೈರಿ ತೆಗೆದು ಬರೆದುಕೊಂಡೆ:
ಮುಂದಿನ ನಮೂನೆ, ಮೊದಲ ದಿನದ್ದು.
ಸಿಕ್ಕರೆ ಆರನೇ ಗಂಟೆಯದು.
ಅದರ ಕೆಳಗೆ, ಯಾಕೋ,
ಟ್ಯಾಂಕಿನ ತೇಲುಗುಂಡು ಸೋರುತ್ತಿದೆ, ಬದಲಿಸಬೇಕು.