ಸ್ಪಂಜಿನ ಚೂರು

ಕಿಸುಮುವಿನ ಕಿಬುಯೆ ಸಂತೆಯಲ್ಲಿ, ಟೈರು ಮಾರುವವರನ್ನು ದಾಟಿದರೆ
ಅವಿಟಿಯ ತಗಡಿನ ಅಂಗಡಿ.
ಕರುಳು ಕಿತ್ತ ರೇಡಿಯೋಗಳ ನಡುವೆ ನೇತಾಡುತ್ತಿತ್ತು
ಹೆಸರು ಸವೆದುಹೋದ ಒಂದು ಬೇಸ್ ಗಿಟಾರು.

ಹೊಳೆಯುವಂಥದ್ದು ಬೇಕಿತ್ತು, ಅಂದೆ.
ಹೊಳೆಯೋದು ಮೀನು, ಅಂದಳು,
ನಾಳೆಗೆ ನಾರುತ್ತೆ.

ಎರಡು ಸಾವಿರ ಶಿಲ್ಲಿಂಗು ಎಣಿಸಿಕೊಂಡು ನೂರು ಹಿಂದೆ ಕೊಟ್ಟಳು:
ಕತ್ತು ಒಂಚೂರು ಬಾಗಿದೆ. ನನ್ನದೂ ಹಾಗೇ.
ತಂತಿ ಸತ್ತಿವೆಯಲ್ಲ? ಕುದಿಸು,
ಉಗಾಲಿ ಬೇಯಿಸುವ ಪಾತ್ರೆಯಲ್ಲೇ ಹತ್ತು ನಿಮಿಷ,
ಅಮ್ಮ ಬೈದರೆ ಬೈಯಲಿ.
ಹೆಗಲಿಗೆ ಪಟ್ಟಿ ತಗೋ, ಮಟಾಟು ವ್ಯಾನಿನ ಸೀಟ್ ಬೆಲ್ಟು.
ಒಬ್ಬರೂ ಕಟ್ಟಿಕೊಂಡವರಿಲ್ಲ, ಹೊಸದೇ ಅನ್ನು.

ಆಮೇಲೆ ಪಾತ್ರೆ ತಿಕ್ಕುವ ಸ್ಪಂಜನ್ನು ಹಲ್ಲಿನಿಂದ ಹರಿದು
ಬೆರಳಗಲದ ಚೂರೊಂದನ್ನು
ಬ್ರಿಜ್ಜಿನ ಪಕ್ಕ ತಂತಿಗಳಡಿ ತುರುಕಿದಳು.
ಇದಕ್ಕೆ ದುಡ್ಡಿಲ್ಲ. ಬಾರಿಸು.

ದುಮ್.
ಬಾಲವಿಲ್ಲದ ಸದ್ದು,
ಯಾರೋ ಹಿಟ್ಟಿನ ಮೂಟೆ ಇಳಿಸಿ
ಉಸ್ಸೆಂದ ಹಾಗೆ.

ಆ ಶನಿವಾರ ದಂಡೆಯ ಬಾರಿನಲ್ಲಿ
ಓಕುಮು ಸಾಲದ ಗಿಟಾರು ಹಿಡಿದು
ಆಕಾಶಕ್ಕೆ ಏಣಿ ಹಾಕುತ್ತಿದ್ದ. ಕಣ್ಣೆಲ್ಲ ಅವನ ಮೇಲೆ.
ನಾನು ಏಣಿಯ ಬುಡ ಹಿಡಿದು ನಿಂತಿದ್ದೆ.

ನಡುರಾತ್ರಿ ಚೂರು ಜಾರಿ ಎಲ್ಲೋ ಬಿತ್ತು;
ತಂತಿಗಳು ಗುಂಯ್ಯೆಂದು ಒಂದರ ಮೇಲೊಂದು ಹರಿದವು.
ಓಕುಮುವಿಗೆ ತಿಳಿಯಲಿಲ್ಲ. ಕುಡಿದವರಿಗೂ.
ಹಿಂಬಾಗಿಲ ತೊಟ್ಟಿಯ ಬಳಿ, ನಮಗೆ ಬೆನ್ನು ಮಾಡಿ
ತಟ್ಟೆ ತೊಳೆಯುತ್ತಲೇ ಕುಣಿಯುತ್ತಿದ್ದ ಹುಡುಗಿಯ
ಕಾಲು ಮಾತ್ರ ತಪ್ಪಿತು.

ಹಾಡು ಮುಗಿದ ಮೇಲೆ ಬಂದು, ಒದ್ದೆ ಕೈ ಒರೆಸಿಕೊಳ್ಳುತ್ತ,
ಏನಾಯ್ತೋ ನಿನಗೆ? ಅಂದಳು.

ಸ್ಪಂಜು ಕೊಡು, ಅಂದೆ.