ಕೊಂಡಿ

ಬಿಷ್ಕೆಕ್‌ದಾಗ ಆರು ವರ್ಷ ಕಲಿತು ಬಂದಾಕಿ
ನಮ್ಮ ಇಳಕಲ್ಲ ಓಣ್ಯಾಗ ಇನ್ನೂ ಡಾಕ್ಟರಲ್ಲ.
ಪರೀಕ್ಷಿ ಎರಡು ಸಲ ಕೈಕೊಟ್ಟೈತಿ,
ಒಮ್ಮಿ ಬರೇ ಎಂಟು ಮಾರ್ಕಿಗೆ.

ಹಿಮದೂರಿನ ಮುದುಕರ ಎದಿಗೆ ಕಿವಿ ಕೊಟ್ಟು
ರಷ್ಯನ್‌ನಾಗ "ಎಲ್ಲಿ ನೋವು" ಅಂತಿದ್ದ ಶಾಕಂಬರಿ
ಮಗ್ಗದ ಕುಣಿ ದಂಡಿಗೆ ಕುಂತು ಓದತಾಳ.
"ಒಂದು ಸೂಜಿ ಮಾಡವಾ," ಅಂತಾನ ಪರಪ್ಪಕಾಕಾ.
"ಹಕ್ಕಿಲ್ಲ ಕಾಕಾ, ಇನ್ನೂ."

ನಾನು ಇತ್ತ
ಒಡಲಿನ ಹತ್ತಿ ಎಳಿಗೆ
ಸೆರಗಿನ ರೇಷ್ಮಿ ಎಳಿ ಸಿಗಿಸಿ ಕೊಂಡಿ ಹಾಕತೀನಿ,
ಸಾವಿರಾರು. ಒಂದು ತಪ್ಪಿದರೂ
ಸೆರಗು ಬಾಯಿ ಬಿಡತೈತಿ.

ಸಂಜಿ ಕರೆಂಟ ಹೋತು, ಕಣ್ಣು ಮಂಜಾತು.
"ಉಳಿದದ್ದು ನೀನ ಹಾಕು" ಅಂದೆ.
ಗಾಯ ಹೊಲಿಯೂದು ಕಲಿತ ಬೆರಳು, ಟಾರ್ಚ್ ಬೆಳಕಿನಾಗ
ಸರಸರ ಹಾಕಿದವು.
ಎಳಿ ಯಾವ ಸರ್ಟಿಫಿಕೇಟೂ ಕೇಳಲಿಲ್ಲ.

ಲೈಟ್ ಬಂತು. ಕೈ ಒರೆಸಿಕೊಂಡು
ಮತ್ತ ತೆಗೆದಳು, ಪುಟ ನಾನೂರಾ ಹನ್ನೊಂದು.